ಗೋಲಿಗೆ ಬೆನ್ನು ಮಾಡಿ ನಿಂತ ಆಟಗಾರ್ತಿ
(ಯೂಕಿ ನಗಸಾತೊ ಅವರ ಆಟದ ಬದುಕಿನ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, 2011ರ ಜುಲೈ 17ರ ರಾತ್ರಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನ ಫೈನಲ್ ನಡೆಯುತ್ತಿತ್ತು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಜಪಾನ್. ಇನ್ನೂ ಯಾರೂ ಗೋಲು ಹೊಡೆದಿರಲಿಲ್ಲ. 66ನೇ ನಿಮಿಷದಲ್ಲಿ ಜಪಾನಿನ ತರಬೇತುದಾರ ನೊರಿಯೊ ಸಸಾಕಿ ಒಟ್ಟಿಗೇ ಇಬ್ಬರು ಬದಲಿ ಆಟಗಾರ್ತಿಯರನ್ನು ಅಂಗಳಕ್ಕೆ ಕಳುಹಿಸಿದರು. ಅವರಲ್ಲೊಬ್ಬರು ಎರಡು ದಿನದ ಹಿಂದಷ್ಟೇ 24 ವರ್ಷ ತುಂಬಿಸಿಕೊಂಡಿದ್ದ ಯೂಕಿ ನಗಸಾತೊ. ಟೂರ್ನಿಯಲ್ಲಿ ಜಪಾನಿನ ಮೊದಲ ಗೋಲು ಹೊಡೆದವರು ಇವರೇ. ತಂಡದ ಮುಖ್ಯ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರ್ತಿ, ಎಂಬ ನಿರೀಕ್ಷೆ ಹೊತ್ತು ಬಂದವರು ಸೆಮಿಫೈನಲ್ ಹೊತ್ತಿಗೆ ಮೊದಲ ಹನ್ನೊಂದರಲ್ಲಿ ಜಾಗ ಕಳೆದುಕೊಂಡಿದ್ದರು, ಫೈನಲ್‌ನಲ್ಲಿಯೂ ಬೆಂಚಿನ ಮೇಲೆ ಕುಳಿತೇ ಆಟ ನೋಡುತ್ತಿದ್ದರು. ಆ ರಾತ್ರಿ ಮುಗಿಯುವ ಮೊದಲು ಅವರು ಪೆನಾಲ್ಟಿ ಶೂಟೌಟ್‌ನಲ್ಲಿ (ಸಮನಾದ ಪಂದ್ಯವನ್ನು ತೀರ್ಮಾನಿಸುವ ಸರದಿ ಒದೆತಗಳಲ್ಲಿ) ಒಂದು ಒದೆತವನ್ನು ಕೈಚೆಲ್ಲಿದರು. ತಂಡ ಮಾತ್ರ ವಿಶ್ವಕಪ್ ಗೆದ್ದಿತು. ನಾನು ಇಂದು ಮಾತನಾಡಬೇಕೆಂದಿರುವುದು ಆ ಬೆಂಚು ಮತ್ತು ಆ ಒದೆತದ ಆಚೀಚೆ ಹರಡಿಕೊಂಡಿರುವ, ಎರಡು ದಶಕಗಳಷ್ಟು ಉದ್ದದ ಒಂದು ಆಟದ ಬದುಕಿನ ಬಗ್ಗೆ.

ಮೊದಲೇ ಒಂದು ಸಣ್ಣ ತೊಡಕನ್ನು ಬಿಡಿಸಿಬಿಡುತ್ತೇನೆ. ಹಳೆಯ ದಾಖಲೆಗಳನ್ನು ತೆರೆದು ನೋಡಿದವರಿಗೆ 2012ರ ಒಲಿಂಪಿಕ್ಸ್‌ನಲ್ಲಿಯೂ 2015ರ ವಿಶ್ವಕಪ್‌ನಲ್ಲಿಯೂ ನಗಸಾತೊ ಎಂಬ ಹೆಸರು ಸಿಗುವುದಿಲ್ಲ. ಆ ಜಾಗದಲ್ಲಿ ಯೂಕಿ ಓಗಿಮಿ ಎಂಬ ಹೆಸರಿದೆ. ಮದುವೆಯಾದ ಮೇಲೆ ಅವರು ಆ ಹೆಸರಿನಲ್ಲಿ ಆಡಿದರು, ಮುಂದೆ ಮತ್ತೆ ತವರಿನ ಹೆಸರಿಗೆ ಮರಳಿದರು. ಹೀಗಾಗಿ ಒಬ್ಬಳೇ ಆಟಗಾರ್ತಿಯ ಲೆಕ್ಕ ಎರಡು ಹೆಸರಿನಡಿ ಹಂಚಿಹೋಗಿದೆ. ಮದುವೆಯ ನಂತರ ಅಂಕಪಟ್ಟಿಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಹೆಸರಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಹೆಂಗಸರು ಈ ಸಭೆಯಲ್ಲಿಯೂ ಇರಬಹುದು. ಅವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾನು ಉದ್ದಕ್ಕೂ ನಗಸಾತೊ ಎಂದೇ ಕರೆಯುತ್ತೇನೆ.

ಅವರು ಹುಟ್ಟಿದ್ದು 1987ರ ಜುಲೈ 15ರಂದು, ಟೋಕಿಯೊದ ನೈಋತ್ಯಕ್ಕಿರುವ ಕನಗಾವಾ ಪ್ರಾಂತ್ಯದ ಅತ್ಸುಗಿ ಎಂಬ ಊರಿನಲ್ಲಿ. ಅಣ್ಣ ಗೆಂಕಿ ಫುಟ್‌ಬಾಲ್ ಆಟಗಾರ; ತಂಗಿ ಅಸಾನೊ ಕೂಡ ಮುಂದೆ ಅದೇ ಆಟ ಹಿಡಿದವರು. ಅಣ್ಣನ ಬೆನ್ನುಹತ್ತಿ ಅಂಗಳಕ್ಕಿಳಿದ ಹುಡುಗಿ ಬಾಲ್ಯದಲ್ಲಿ ಹುಡುಗರ ನಡುವೆಯೇ ಆಡಿದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದಕ್ಕೆ ಮರಳಿ ಬರುವ ಕೆಲಸವಿದೆ. ಹದಿಹರೆಯದಲ್ಲಿ ಅವರು ಸೇರಿದ್ದು ಟೋಕಿಯೊದ ಬೆಲೆಜಾ ಕ್ಲಬ್ಬನ್ನು. ಜಪಾನಿನ ಮಹಿಳಾ ಫುಟ್‌ಬಾಲ್‌ನ ಬಹುಪಾಲು ದೊಡ್ಡ ಹೆಸರುಗಳು ಒಂದಲ್ಲ ಒಂದು ಕಾಲದಲ್ಲಿ ಈ ಕ್ಲಬ್ಬಿನ ಬಾಗಿಲು ದಾಟಿ ಬಂದಿವೆ. ಹೊಮಾರೆ ಸಾವಾ ಇಲ್ಲಿಯವರು, ಶಿನೊಬು ಓನೊ ಇಲ್ಲಿಯವರು.

ಆ ಕಾಲದ ಜಪಾನಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಎಂಬುದು ಹೊಟ್ಟೆ ತುಂಬಿಸುವ ವೃತ್ತಿಯಾಗಿರಲಿಲ್ಲ. 1989ರಲ್ಲಿ ಶುರುವಾದ ರಾಷ್ಟ್ರೀಯ ಲೀಗ್ ಕೆಲವು ವರ್ಷ ಕಂಪನಿಗಳ ಹಣದಿಂದ ಚೆನ್ನಾಗಿಯೇ ನಡೆಯಿತು. ಆರ್ಥಿಕ ಹಿಂಜರಿತ ಗಟ್ಟಿಯಾದ ತೊಂಬತ್ತರ ದಶಕದ ಕೊನೆಯಲ್ಲಿ ಒಂದಾದ ಮೇಲೊಂದು ಕಂಪನಿ ಕೈಬಿಟ್ಟಿತು, ರಾಷ್ಟ್ರೀಯ ತಂಡ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಹಗಲು ಕಚೇರಿ, ಅಂಗಡಿಗಳಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಬರುವ ಆಟಗಾರ್ತಿಯರಿಂದಲೇ ಆಟ ಉಸಿರು ಹಿಡಿದುಕೊಂಡಿತ್ತು. ಪೂರ್ಣ ಪ್ರಮಾಣದ ವೃತ್ತಿಪರ ಲೀಗ್ ಬಂದದ್ದು 2021ರಲ್ಲಿ ಎಂದರೆ ನಂಬುವುದು ಕಷ್ಟ. ವಿಶ್ವಕಪ್ ಗೆದ್ದ ಹತ್ತು ವರ್ಷಗಳ ಮೇಲೆ!

ಆ ಇಳಿಗಾಲ ತಿರುಗಿದ ವಾರದಲ್ಲಿಯೇ ನಗಸಾತೊ ರಾಷ್ಟ್ರೀಯ ತಂಡದ ಅಂಗಿ ತೊಟ್ಟರು. 2004ರ ಏಪ್ರಿಲ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನ ಏಷ್ಯಾ ಅರ್ಹತಾ ಪಂದ್ಯಗಳು ಜಪಾನಿನಲ್ಲಿ ನಡೆದವು. ಏಪ್ರಿಲ್ 22ರಂದು ಥಾಯ್ಲೆಂಡ್ ವಿರುದ್ಧ 16 ವರ್ಷದ ನಗಸಾತೊ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಎರಡು ದಿನ ಕಳೆದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ, ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ, ಜಪಾನ್ ಬಲಿಷ್ಠ ಉತ್ತರ ಕೊರಿಯಾವನ್ನು 3–0ರಿಂದ ಸೋಲಿಸಿ ಅಥೆನ್ಸ್‌ಗೆ ಹೊರಟಿತು. ಅದೇ ವರ್ಷ ಸಾರ್ವಜನಿಕರಿಂದ ಹೆಸರು ಆಹ್ವಾನಿಸಿ ತಂಡಕ್ಕೆ ‘ನಾದೆಶಿಕೊ’ ಎಂಬ ಅಡ್ಡಹೆಸರಿಟ್ಟರು. ಅದು ತಿಳಿಗುಲಾಬಿ ಬಣ್ಣದ ಒಂದು ಹೂವಿನ ಹೆಸರು. ಮೃದುವಾಗಿ ಕಂಡರೂ ಒಳಗೆ ಗಟ್ಟಿಯಾದ ಹೆಣ್ಣು ಎಂಬ ಹಳೆಯ ಆದರ್ಶದ ಹೆಸರೂ ಹೌದು. ಫುಟ್‌ಬಾಲ್ ತಂಡಕ್ಕೆ ಹೂವಿನ ಹೆಸರು ಬೇಕಿತ್ತೆ ಎಂದು ನನಗೆ ಅನ್ನಿಸಿದ್ದುಂಟು. ಹುಡುಗರ ತಂಡಕ್ಕೆ ಯಾರೂ ಹಾಗೆ ಹೆಸರಿಡುವುದಿಲ್ಲ.

ಇಲ್ಲಿ ಆಟದ ರೀತಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಜಪಾನಿನ ಮಹಿಳಾ ತಂಡದ ಹೆಗ್ಗಳಿಕೆಯಿದ್ದದ್ದು ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಅಂಗಳದ ನಡುಭಾಗದಲ್ಲಿ. ಸಾವಾ ಮತ್ತು ಅಯಾ ಮಿಯಾಮಾ ಅವರ ಸುತ್ತ ಚೆಂಡು ಕಾಲಿನಿಂದ ಕಾಲಿಗೆ ಹರಿಯುತ್ತಿತ್ತು. ಚಿಕ್ಕ ಚಿಕ್ಕ ಪಾಸುಗಳು, ತ್ರಿಕೋನಗಳು, ಎದುರಾಳಿ ಮೈಮೇಲೆ ಬೀಳುವ ಮೊದಲೇ ಚೆಂಡು ಬೇರೆಡೆ. ನೋಡಲು ಚೆಂದದ ಈ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಸ್ಟ್ರೈಕರ್‌ನದು. ಆಕೆ ಎದುರಾಳಿಯ ಗೋಲಿಗೆ ಬೆನ್ನು ಮಾಡಿ, ತನ್ನ ಮಿಡ್‌ಫೀಲ್ಡ್ ಕಡೆ ಮುಖ ಮಾಡಿ ನಿಲ್ಲಬೇಕು. ಬೆನ್ನಿಗೆ ಅಂಟಿಕೊಂಡಂತೆ ತನಗಿಂತ ಎತ್ತರದ, ತೂಕದ ರಕ್ಷಣಾ ಆಟಗಾರ್ತಿ ಇರುತ್ತಾಳೆ. ಬಂದ ಚೆಂಡನ್ನು ಆ ಒತ್ತಡದಲ್ಲಿಯೇ ಒಂದೆರಡು ಕ್ಷಣ ಕಾಪಾಡಿಕೊಂಡು, ಓಡಿ ಬರುವ ಗೆಳತಿಗೆ ಒಪ್ಪಿಸಬೇಕು. ಇಲ್ಲವೇ ಅರೆಕ್ಷಣದಲ್ಲಿ ತಿರುಗಿ ತಾನೇ ಹೊಡೆಯಬೇಕು. ಚೆಂಡು ಕೈತಪ್ಪಿದರೆ, ಇಡೀ ತಂಡ ಹೆಣೆದುಕೊಂಡು ಬಂದ ನೇಯ್ಗೆ ಅವಳ ಕಾಲಬುಡದಲ್ಲಿ ಹರಿದುಹೋಗುತ್ತದೆ. ನಮ್ಮ ಕೊಡಗಿನ ಹಾಕಿ ಬಲ್ಲವರು ಹಳೆಯ ಸೆಂಟರ್ ಫಾರ್ವರ್ಡ್‌ಗಳ ಪಾಡನ್ನು ನೆನೆದುಕೊಂಡರೆ ಸಾಕು, ಇದು ಅರ್ಥವಾಗುತ್ತದೆ.

ನಗಸಾತೊ ಗೋಲು ಹೊಡೆಯುವುದರಲ್ಲಿ ಮೊದಲಿನಿಂದಲೂ ಗಟ್ಟಿಗರು. 2007ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ನಿಗದಿತ ಸಮಯ ಮುಗಿದ ಮೇಲೆ ಬಂದ ಏಕೈಕ ಗೋಲು ಅವರದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಆತಿಥೇಯ ಚೀನಾವನ್ನು 2–0ರಿಂದ ಸೋಲಿಸಿದಾಗ ಎರಡನೆಯ ಗೋಲು ಅವರದು. ಆ ಕೂಟದಲ್ಲಿ ಜಪಾನ್ ಅಮೆರಿಕಕ್ಕೂ ಜರ್ಮನಿಗೂ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಆ ಎರಡು ಸೋಲುಗಳಲ್ಲಿ ಕಣ್ಣಿಗೆ ಹೊಡೆದಂತೆ ಕಂಡದ್ದು ಒಂದೇ: ಚೆಂಡನ್ನು ಹೆಣೆಯುವುದರಲ್ಲಿ ಜಪಾನ್ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಮೈಗೆ ಮೈ ತಾಗುವ ಜಾಗದಲ್ಲಿ, ಅಂದರೆ ಎರಡೂ ಗೋಲುಗಳ ಮುಂದೆ, ಅದು ಸೋಲುತ್ತಿತ್ತು.

2010ರ ಆರಂಭದಲ್ಲಿ ನಗಸಾತೊ ಜರ್ಮನಿಯ ಪಾಟ್ಸ್‌ಡಾಮ್‌ಗೆ ಹೋದರು. ಬರ್ಲಿನ್ ಪಕ್ಕದ ಈ ಊರಿನ ಟುರ್ಬೀನೆ ಕ್ಲಬ್ 1971ರಲ್ಲಿ, ಆಗಿನ ಪೂರ್ವ ಜರ್ಮನಿಯಲ್ಲಿ ಹುಟ್ಟಿದ್ದು. ಅಂದಿನಿಂದಲೂ ಅದಕ್ಕೆ ಬೆನ್ನೆಲುಬಾಗಿದ್ದವರು ಬೆರ್ನ್ಡ್ ಶ್ರೋಡರ್ ಎಂಬ ತರಬೇತುದಾರ. ಮೈ ಮುರಿಯುವ ಕಸರತ್ತಿಗೆ, ನಿಷ್ಠುರ ಮಾತಿಗೆ ಹೆಸರಾದವರು. ಪಾಸುಗಳ ಮೃದು ಹೆಣಿಗೆಯಲ್ಲಿ ಬೆಳೆದವರು ಇಂಥವರ ಕೈಗೆ ಹೋಗಿ ಬಿದ್ದದ್ದು, ನನ್ನ ದೃಷ್ಟಿಯಲ್ಲಿ, ಅವರು ಮಾಡಿದ ಅತ್ಯಂತ ಸರಿಯಾದ ಆಯ್ಕೆ. ತನ್ನ ದೇಶದ ಆಟಕ್ಕೆ ಏನು ಕೊರತೆಯೋ ಅದನ್ನೇ ಕಲಿಯಲು ಅದು ಸಿಗುವ ಅಂಗಡಿಗೇ ಹೋದಂತಾಯಿತು. ಹೋದ ಕೆಲವೇ ತಿಂಗಳಲ್ಲಿ, 2010ರ ಮೇ 20ರಂದು, ಸ್ಪೇನಿನ ಹೆತಾಫೆಯಲ್ಲಿ ಪಾಟ್ಸ್‌ಡಾಮ್ ತಂಡ ಫ್ರಾನ್ಸಿನ ಲಿಯಾನ್ ತಂಡವನ್ನು ಪೆನಾಲ್ಟಿಗಳಲ್ಲಿ 7–6ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಮಹಿಳೆಯರ ಕೂಟಕ್ಕೆ ಆ ಹೆಸರು ಬಂದ ಮೊದಲ ವರ್ಷವದು. ಮರುವರ್ಷದ ಫೈನಲ್‌ನಲ್ಲಿ ಅದೇ ಲಿಯಾನ್ ಸೇಡು ತೀರಿಸಿಕೊಂಡಿತು. ಜರ್ಮನ್ ಲೀಗ್‌ನ ಪಟ್ಟವಂತೂ ನಗಸಾತೊ ಇದ್ದಾಗ 2010, 2011, 2012 ಹೀಗೆ ಸಾಲಾಗಿ ಪಾಟ್ಸ್‌ಡಾಮ್‌ನದೇ.

ಈಗ 2011ಕ್ಕೆ ಬರೋಣ. ಆ ವರ್ಷದ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯನ್ನು ಭೂಕಂಪ ಮತ್ತು ಸುನಾಮಿ ನುಂಗಿದವು, ಫುಕುಶಿಮಾದ ಅಣುಸ್ಥಾವರ ಕೈಮೀರಿತು. ಆ ಸ್ಥಾವರ ನಡೆಸುತ್ತಿದ್ದ ವಿದ್ಯುತ್ ಕಂಪನಿಗೇ ಒಂದು ಮಹಿಳಾ ಫುಟ್‌ಬಾಲ್ ತಂಡವಿತ್ತು. ದುರಂತದ ನಂತರ ಅದು ಮುಚ್ಚಿಹೋಯಿತು. ಹಿಂದೆ ಆ ತಂಡಕ್ಕೆ ಆಡುತ್ತ ಆ ಸ್ಥಾವರದಲ್ಲಿಯೇ ಕೆಲಸ ಮಾಡಿದ್ದ ಕರಿನಾ ಮಾರುಯಾಮಾ ಈಗ ವಿಶ್ವಕಪ್ ತಂಡದಲ್ಲಿದ್ದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನಡೆದ ಕೂಟವದು. ಊರೂರೇ ಕೊಚ್ಚಿಹೋದ ನಾಡಿನಿಂದ ಬಂದ ಆಟಗಾರ್ತಿಯರಿಗೆ ಸಸಾಕಿ ಪಂದ್ಯಕ್ಕೆ ಮುನ್ನ ಆ ದುರಂತದ ಚಿತ್ರಗಳನ್ನು ತೋರಿಸಿದರು.

ನ್ಯೂಜಿಲೆಂಡ್ ವಿರುದ್ಧದ ಮೊದಲ ಪಂದ್ಯದ ಆರನೇ ನಿಮಿಷದಲ್ಲಿಯೇ ನಗಸಾತೊ ಗೋಲು ಹೊಡೆದರು. ಅಲ್ಲಿಂದ ಮುಂದೆ ಗೋಲು ಬರಲಿಲ್ಲ. ಮೆಕ್ಸಿಕೊ ವಿರುದ್ಧ ಸಾವಾ ಮೂರು ಹೊಡೆದರು, ಓನೊ ಒಂದು. ಇಂಗ್ಲೆಂಡ್ ವಿರುದ್ಧ ತಂಡ 0–2ರಿಂದ ಸೋತಿತು. ವೋಲ್ಫ್ಸ್‌ಬುರ್ಗ್‌ನಲ್ಲಿ ಆತಿಥೇಯ ಜರ್ಮನಿ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ನಗಸಾತೊ ಅವರನ್ನು ವಿರಾಮದ ವೇಳೆಗೆ ಹೊರಗೆ ಕರೆಸಿಕೊಂಡ ಸಸಾಕಿ ಅವರ ಜಾಗಕ್ಕೆ ಮಾರುಯಾಮಾರನ್ನು ಇಳಿಸಿದರು. ಹೆಚ್ಚುವರಿ ಸಮಯದ 108ನೇ ನಿಮಿಷದಲ್ಲಿ, ಸಾವಾ ನೀಡಿದ ಚೆಂಡಿನ ಬೆನ್ನಟ್ಟಿ ಓಡಿದ ಮಾರುಯಾಮಾ ಕಿರಿದಾದ ಕೋನದಿಂದ ಗೋಲು ಹೊಡೆದು ಜರ್ಮನಿಯನ್ನು ಮನೆಗೆ ಕಳುಹಿಸಿದರು. ಸ್ವೀಡನ್ ವಿರುದ್ಧದ ಸೆಮಿಫೈನಲ್‌ನಲ್ಲಿ ನಗಸಾತೊ ಬದಲು ನಾಹೊಮಿ ಕವಾಸುಮಿ ಮೊದಲ ಹನ್ನೊಂದರಲ್ಲಿ ಆಡಿದರು, ಎರಡು ಗೋಲು ಹೊಡೆದರು. ನೀವೇ ಯೋಚಿಸಿ: ತನ್ನ ಬದಲಿಗೆ ಬಂದವರು ಒಂದಲ್ಲ, ಎರಡು ಸಲ ಪಂದ್ಯ ಗೆದ್ದುಕೊಟ್ಟರೆ, ಬೆಂಚಿನ ಮೇಲಿರುವ ಸ್ಟ್ರೈಕರ್ ಚಪ್ಪಾಳೆ ತಟ್ಟಬೇಕು, ಮನಸಾರೆ ತಟ್ಟಬೇಕು, ಆದರೆ ಪ್ರತಿ ಚಪ್ಪಾಳೆಯೂ ತನ್ನ ಜಾಗವನ್ನು ಇನ್ನಷ್ಟು ದೂರ ತಳ್ಳುತ್ತಿದೆ ಎಂಬುದೂ ಅವಳಿಗೆ ಗೊತ್ತಿರುತ್ತದೆ.

ಫೈನಲ್‌ನಲ್ಲಿ ನಗಸಾತೊ ಅಂಗಳಕ್ಕಿಳಿದ ಮೂರನೇ ನಿಮಿಷಕ್ಕೆ ಅಮೆರಿಕದ ಅಲೆಕ್ಸ್ ಮಾರ್ಗನ್ ಗೋಲು ಹೊಡೆದರು. 81ನೇ ನಿಮಿಷದಲ್ಲಿ ಬಲಬದಿಯಿಂದ ಗೋಲಿನ ಮುಂದಕ್ಕೆ ಒಂದು ಚೆಂಡು ಬಂತು. ಅಮೆರಿಕದ ರಕ್ಷಣಾ ಆಟಗಾರ್ತಿಯರು ಅದನ್ನು ಹೊರಗಟ್ಟಲು ಪರದಾಡಿದರು. ಅವರ ಕಾಲಿಗೆ ತಾಗಿ ಸಡಿಲವಾದ ಚೆಂಡನ್ನು ಮಿಯಾಮಾ ಮುಂದೆ ನುಗ್ಗಿ ಬಲೆಗೆ ತಳ್ಳಿದರು. ಆ ಗೋಲನ್ನು ಎಲ್ಲರೂ ಮಿಯಾಮಾ ಅವರ ಸಮಯಪ್ರಜ್ಞೆಗಾಗಿ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಬಲಬದಿಯಿಂದ ಆ ಚೆಂಡನ್ನು ಕಳುಹಿಸಿದವರು ನಗಸಾತೊ ಎಂಬುದು ಮಾತ್ರ ಮರೆತುಹೋಗುತ್ತದೆ. ಹೆಚ್ಚುವರಿ ಸಮಯದಲ್ಲಿ ಆಬಿ ವಾಂಬಾಕ್ ಮತ್ತೆ ಅಮೆರಿಕಕ್ಕೆ ಮುನ್ನಡೆ ಕೊಟ್ಟರು, 117ನೇ ನಿಮಿಷದಲ್ಲಿ ಮಿಯಾಮಾ ಅವರ ಕಾರ್ನರ್‌ಗೆ ಸಾವಾ ಕಾಲು ತಾಗಿಸಿ ಮತ್ತೆ ಸಮ ಮಾಡಿದರು. ಉಳಿದದ್ದು ಶೂಟೌಟ್.

ಅಮೆರಿಕದ ಮೊದಲ ಒದೆತವನ್ನು ಜಪಾನಿನ ಗೋಲ್‌ಕೀಪರ್ ಅಯುಮಿ ಕಾಯ್ಹೋರಿ ತಡೆದರು. ಮಿಯಾಮಾ ಗೋಲು ಮಾಡಿದರು. ಕಾರ್ಲಿ ಲಾಯ್ಡ್ ಅವರ ಚೆಂಡು ಗೋಲುಕಂಬದ ಮೇಲಿಂದ ಹಾರಿಹೋಯಿತು. ಅಲ್ಲಿಗೆ ಜಪಾನ್ ಮುಂದಿತ್ತು, ಎರಡನೆಯ ಒದೆತಕ್ಕೆ ನಗಸಾತೊ ಬಂದು ನಿಂತರು. ಇನ್ನೊಂದು ಗೋಲಾದರೆ ಪಂದ್ಯ ಹೆಚ್ಚುಕಡಿಮೆ ಮುಗಿದಂತೆಯೇ. ಅಮೆರಿಕದ ಗೋಲ್‌ಕೀಪರ್ ಹೋಪ್ ಸೋಲೊ ಅದನ್ನು ತಡೆದರು. ನಂತರದ ಒದೆತದಲ್ಲಿ ಕಾಯ್ಹೋರಿ ಮತ್ತೊಮ್ಮೆ ಅಮೆರಿಕವನ್ನು ತಡೆದರು, ಮಿಜುಹೊ ಸಾಕಾಗುಚಿ ಗೋಲು ಮಾಡಿದರು, ವಾಂಬಾಕ್ ಒಂದನ್ನು ಹಿಂದಿರುಗಿಸಿದರು, ಕೊನೆಗೆ 20 ವರ್ಷದ ಸಾಕಿ ಕುಮಾಗಾಯ್ ಚೆಂಡನ್ನು ಬಲೆಯ ಮೇಲ್ಮೂಲೆಗೆ ಬಾರಿಸಿ 3–1ರ ಗೆಲುವು ಮುಗಿಸಿದರು. ಜಪಾನ್ ಪರ ಗುರಿ ತಪ್ಪಿದ ಒದೆತ ಒಂದೇ, ಅದು ತಂಡದ ಸ್ಟ್ರೈಕರ್‌ನದು. ಸೋತಿದ್ದರೆ ಆ ಒದೆತ ಜೀವನಪರ್ಯಂತ ಬೆನ್ನು ಬಿಡುತ್ತಿರಲಿಲ್ಲ. ಗೆದ್ದದ್ದರಿಂದ ಅದನ್ನು ಯಾರೂ ಕೆದಕಲಿಲ್ಲ. ಇಡೀ ತಂಡಕ್ಕೆ ಜಪಾನ್ ಸರ್ಕಾರ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು, ಒಂದು ತಂಡಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಆದರೂ ಒಬ್ಬ ಸ್ಟ್ರೈಕರ್‌ಗೆ ವಿಶ್ವಕಪ್ ಗೆದ್ದ ರಾತ್ರಿಯೇ ಅವಳ ಅತಿ ಕಷ್ಟದ ರಾತ್ರಿಯೂ ಆಗಬಹುದು ಎಂಬುದನ್ನು ನಗಸಾತೊ ಅವರ ಆ ಕೂಟ ನೋಡಿದ ಮೇಲೆ ನಾನು ನಂಬಿದ್ದೇನೆ.

ಮುಂದಿನ ವರ್ಷ ಲಂಡನ್ ಒಲಿಂಪಿಕ್ಸ್. ಅಲ್ಲಿ ಗುಂಪಿನ ಹಂತದಲ್ಲಿ ಅವರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸೋತರೆ ಮನೆಗೆ ಹೋಗಬೇಕಾದ ಹಂತ ಬಂದಾಗ ಚಿತ್ರವೇ ಬದಲಾಯಿತು. ಕಾರ್ಡಿಫ್‌ನಲ್ಲಿ ಬ್ರೆಜಿಲ್ ವಿರುದ್ಧದ ಕ್ವಾರ್ಟರ್‌ಫೈನಲ್: ಎದುರಾಳಿಗಳು ಸಾಲು ಸರಿಪಡಿಸಿಕೊಳ್ಳುವ ಮೊದಲೇ ಸಾವಾ ಫ್ರೀ ಕಿಕ್ ಒದ್ದರು, ಅದನ್ನು ನಿರೀಕ್ಷಿಸಿ ಆಗಲೇ ಓಡತೊಡಗಿದ್ದ ನಗಸಾತೊ 27ನೇ ನಿಮಿಷದಲ್ಲಿ ಗೋಲು ಮಾಡಿದರು. ವೆಂಬ್ಲಿಯಲ್ಲಿ ಫ್ರಾನ್ಸ್ ವಿರುದ್ಧದ ಸೆಮಿಫೈನಲ್: ಮಿಯಾಮಾ ಹೊಡೆದ ಫ್ರೀ ಕಿಕ್ ಫ್ರಾನ್ಸಿನ ಗೋಲ್‌ಕೀಪರ್ ಸಾರಾ ಬುಹಾದಿ ಅವರ ಕೈಯಿಂದ ಜಾರಿತು, ಜಾರಿದ ಜಾಗದಲ್ಲಿ ನಗಸಾತೊ ಇದ್ದರು. ಅದೇ ವೆಂಬ್ಲಿಯಲ್ಲಿ ಆಗಸ್ಟ್ 9ರಂದು, ಎಂಬತ್ತು ಸಾವಿರ ಜನರ ಮುಂದೆ, ಅಮೆರಿಕ ವಿರುದ್ಧದ ಫೈನಲ್: ಲಾಯ್ಡ್ ಅವರ ಎರಡು ಗೋಲುಗಳಿಂದ ಹಿಂದೆ ಬಿದ್ದಿದ್ದ ಜಪಾನಿಗೆ 63ನೇ ನಿಮಿಷದಲ್ಲಿ, ಗೋಲಿನ ಬಾಯಲ್ಲಿ ನಡೆದ ನೂಕುನುಗ್ಗಲಿನ ನಡುವೆ, ಸೋಲೊ ಅವರನ್ನು ದಾಟಿಸಿ ಒಂದು ಗೋಲು ತಂದುಕೊಟ್ಟವರು ನಗಸಾತೊ. ಜಪಾನ್ 1–2ರಿಂದ ಸೋತು ಬೆಳ್ಳಿ ಪಡೆಯಿತು.

ಮೂರು ನಾಕ್‌ಔಟ್ ಪಂದ್ಯ, ಮೂರು ಗೋಲು. ಅವುಗಳಲ್ಲಿ ಎರಡು ನಾಲ್ಕಾರು ಹೆಜ್ಜೆ ದೂರದಿಂದ ತಳ್ಳಿದ ಗೋಲುಗಳು, ಕಣ್ಣು ಕುಕ್ಕುವ ಸಾಹಸವೇನೂ ಅವುಗಳಲ್ಲಿಲ್ಲ. ಇಂಥ ಗೋಲುಗಳನ್ನು ‘ಸಿಕ್ಕ ಗೋಲು’ ಎಂದು ತಳ್ಳಿಹಾಕುವವರುಂಟು. ಗೋಲ್‌ಕೀಪರ್ ಕೈಯಿಂದ ಚೆಂಡು ಜಾರುವುದು ಹತ್ತರಲ್ಲಿ ಒಂದು ಸಲ. ಉಳಿದ ಒಂಬತ್ತು ಸಲವೂ ಅದೇ ವೇಗದಲ್ಲಿ ಅಲ್ಲಿಗೆ ಓಡಿ, ಏನೂ ಸಿಗದೆ, ಬರಿಗಾಲಲ್ಲಿ ಹಿಂತಿರುಗಿ ಬರುವ ತಾಳ್ಮೆಯಿದ್ದವಳಿಗೆ ಮಾತ್ರ ಆ ಹತ್ತನೆಯದು ಸಿಗುತ್ತದೆ. ಪಾಟ್ಸ್‌ಡಾಮ್ ಕಲಿಸಿದ್ದು ಇದನ್ನೇ ಇರಬೇಕು. 2012–13ರ ಜರ್ಮನ್ ಲೀಗ್‌ನಲ್ಲಿ 18 ಗೋಲು ಹೊಡೆದು ಇಡೀ ಲೀಗ್‌ನ ಅಗ್ರ ಗೋಲುಗಾರ್ತಿಯಾದರು. ಜಗತ್ತಿನ ಅತ್ಯಂತ ಗಟ್ಟಿ ರಕ್ಷಣೆಗಳಿದ್ದ ಲೀಗ್‌ನಲ್ಲಿ, ಮೈಬಲದಲ್ಲಿ ಹಿಂದೆ ಎಂದೇ ಎಣಿಸಲಾಗಿದ್ದ ದೇಶದಿಂದ ಬಂದವರು ಗೋಲುಗಳ ಪಟ್ಟಿಯ ತುದಿಗೇರಿದ್ದನ್ನು ನಾನು ಅವರ ಪದಕಗಳಿಗಿಂತ ಮೇಲೆ ಇಡುತ್ತೇನೆ.

ಆ ಮೇಲೆ ಕ್ಲಬ್ಬುಗಳು ಬೇಗ ಬೇಗ ಬದಲಾದವು. 2013ರಲ್ಲಿ ಇಂಗ್ಲೆಂಡಿನ ಚೆಲ್ಸಿ. ತರಬೇತುದಾರ್ತಿ ಎಮಾ ಹೇಯ್ಸ್ ಆ ತಂಡವನ್ನು ಆಗಷ್ಟೇ ಕಟ್ಟತೊಡಗಿದ್ದರು, 2014ರ ಲೀಗ್ ಪಟ್ಟ ಕೊನೆಯ ದಿನ ಗೋಲುಗಳ ಅಂತರದಲ್ಲಿ ಲಿವರ್‌ಪೂಲ್ ಪಾಲಾಯಿತು. 2015ರ ಆರಂಭದಲ್ಲಿ ಮತ್ತೆ ಜರ್ಮನಿಗೆ, ವೋಲ್ಫ್ಸ್‌ಬುರ್ಗ್‌ಗೆ. ಅದೇ ವರ್ಷ ಫ್ರಾಂಕ್‌ಫರ್ಟ್‌ಗೆ.

ನಡುವೆ ಕೆನಡಾದಲ್ಲಿ 2015ರ ವಿಶ್ವಕಪ್. ಜುಲೈ 5ರಂದು ವ್ಯಾಂಕೂವರ್‌ನಲ್ಲಿ ಮತ್ತೆ ಅದೇ ಅಮೆರಿಕ, ಮತ್ತೆ ಫೈನಲ್. 16 ನಿಮಿಷ ಕಳೆಯುವಷ್ಟರಲ್ಲಿ ಜಪಾನ್ ನಾಲ್ಕು ಗೋಲು ಬಿಟ್ಟುಕೊಟ್ಟಿತ್ತು, ಅವುಗಳಲ್ಲಿ ಮೂರು ಲಾಯ್ಡ್ ಒಬ್ಬರವೇ. ಮೂರನೆಯದನ್ನು ಅವರು ಅಂಗಳದ ನಡುಗೆರೆಯಿಂದ ಹೊಡೆದಿದ್ದರು. ವಿಶ್ವಕಪ್ ಫೈನಲ್‌ನಲ್ಲಿ ಒಂದು ತಂಡ ಹೀಗೆ ಕುಸಿದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. 27ನೇ ನಿಮಿಷದಲ್ಲಿ ನಗಸಾತೊ ಒಂದು ಗೋಲು ಹೊಡೆದರು; ಅದರ ವಿವರಕ್ಕೆ ಕೊನೆಯಲ್ಲಿ ಬರುತ್ತೇನೆ. ಪಂದ್ಯ 5–2ಕ್ಕೆ ಮುಗಿಯಿತು. ಒಲಿಂಪಿಕ್ ಫೈನಲ್‌ನಲ್ಲಿಯೂ ವಿಶ್ವಕಪ್ ಫೈನಲ್‌ನಲ್ಲಿಯೂ ಗೋಲು ಹೊಡೆದು, ಎರಡರಲ್ಲಿಯೂ ಸೋತವರು. ಅಂಥ ಫೈನಲ್‌ಗಳಲ್ಲಿ ಗೆದ್ದ ಒಂದರಲ್ಲಿ ಪೆನಾಲ್ಟಿ ಕೈಚೆಲ್ಲಿದವರು. ಅವರ ಅದೃಷ್ಟದ ಲೆಕ್ಕ ಬರೆದವನು ತುಸು ವಿನೋದಪ್ರಿಯನೇ ಇರಬೇಕು.

ಆ ಪೀಳಿಗೆಯ ಕೊನೆ ಒಸಾಕಾದಲ್ಲಿ ಬಂತು. ಸಾವಾ 2015ರ ಡಿಸೆಂಬರ್‌ನಲ್ಲಿ ನಿವೃತ್ತರಾಗಿದ್ದರು. 2016ರ ಫೆಬ್ರುವರಿ ಕೊನೆಯಲ್ಲಿ ಆರಂಭವಾದ ರಿಯೊ ಒಲಿಂಪಿಕ್ಸ್ ಅರ್ಹತಾ ಕೂಟದಲ್ಲಿ, ತವರಿನ ಜನರ ಮುಂದೆ, ಜಪಾನ್ ಆಸ್ಟ್ರೇಲಿಯಾಕ್ಕೆ 1–3ರಿಂದ ಸೋತಿತು; ಆ ಒಂದು ಗೋಲೂ ನಗಸಾತೊ ಅವರದೇ. ದಕ್ಷಿಣ ಕೊರಿಯಾದ ಜತೆ ಸಮ, ಚೀನಾದ ಎದುರು ಸೋಲು. ಆರು ತಂಡಗಳಲ್ಲಿ ಎರಡಕ್ಕಷ್ಟೇ ಅವಕಾಶವಿತ್ತು, ಜಪಾನ್ ಮೂರನೆಯದಾಯಿತು. ಸಸಾಕಿ ಹುದ್ದೆ ಬಿಟ್ಟರು. ಹೊಸ ತಂಡ ಕಟ್ಟುವ ಕೆಲಸ ಶುರುವಾದಾಗ ನಗಸಾತೊ ಅವರಿಗೆ ಅದರಲ್ಲಿ ಹೆಚ್ಚು ದಿನ ಜಾಗವಿರಲಿಲ್ಲ. ಅವರ ರಾಷ್ಟ್ರೀಯ ತಂಡದ ಬದುಕು ಅದೇ ವರ್ಷ ನಿಂತಿತು: 132 ಪಂದ್ಯ, 58 ಗೋಲು. ಅಷ್ಟರವರೆಗೆ ಜಪಾನಿಗೆ ಅವರಿಗಿಂತ ಹೆಚ್ಚು ಗೋಲು ಹೊಡೆದವರು ಸಾವಾ ಒಬ್ಬರೇ. ಆಗ ಅವರ ವಯಸ್ಸು 29. ಇಷ್ಟು ಗೋಲು ಹೊಡೆದವರನ್ನು ಆ ವಯಸ್ಸಿಗೇ ಬದಿಗಿಟ್ಟದ್ದು ಅವಸರದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಮುಂದಿನ ನಾಲ್ಕು ವರ್ಷ ಅವರು ಆಡಿದ ಆಟವೇ ಅದಕ್ಕೆ ಆಧಾರ.

2017ರಲ್ಲಿ ಅವರು ಅಮೆರಿಕದ ಶಿಕಾಗೊ ರೆಡ್ ಸ್ಟಾರ್ಸ್ ಸೇರಿದರು. ಮೊಣಕಾಲಿನ ಗಾಯದಿಂದಾಗಿ ಅಂಗಳಕ್ಕಿಳಿಯುವುದು ತಡವಾಯಿತು. ಇಳಿದ ಮೇಲೆ ಕಂಡದ್ದು ಬೇರೆಯೇ ನಗಸಾತೊ. ಗೋಲಿನ ಬಾಯಿ ಬಿಟ್ಟು ಹತ್ತು ಹದಿನೈದು ಗಜ ಹಿಂದಕ್ಕೆ ಸರಿದು, ಮಿಡ್‌ಫೀಲ್ಡ್ ಮತ್ತು ಸ್ಟ್ರೈಕರ್ ನಡುವಿನ ಖಾಲಿ ಜಾಗದಲ್ಲಿ ನಿಂತು, ಚೆಂಡನ್ನು ಪಡೆದು ಮುಂದೆ ಓಡುವವರಿಗೆ ಒಪ್ಪಿಸುವ ಕೆಲಸ ಅವರದಾಯಿತು. ಮುಂದೆ ಓಡುತ್ತಿದ್ದವರು ಆಸ್ಟ್ರೇಲಿಯಾದ ಸ್ಯಾಮ್ ಕರ್. 2019ರ ಋತುವಿನಲ್ಲಿ ಕರ್ 18 ಗೋಲು ಹೊಡೆದು ಲೀಗ್‌ನ ಅಗ್ರಸ್ಥಾನ ಪಡೆದರು. ನಗಸಾತೊ 8 ಗೋಲು ಹೊಡೆದು, ಇನ್ನೂ 8 ಗೋಲುಗಳಿಗೆ ಚೆಂಡು ಒದಗಿಸಿದರು. ಶಿಕಾಗೊ ಫೈನಲ್ ತಲುಪಿ ನಾರ್ತ್ ಕೆರೊಲಿನಾ ತಂಡಕ್ಕೆ ಸೋತಿತು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೊಂದಿದೆ. ಚಿಕ್ಕಂದಿನಲ್ಲಿ ಸಾವಾ, ಮಿಯಾಮಾ ಅವರಂಥವರು ಕೊಟ್ಟ ಚೆಂಡಿಗೆ ಕಾಯುತ್ತಿದ್ದವರು ಈಗ ತಾವೇ ಚೆಂಡು ಕೊಡುವವರಾಗಿದ್ದರು. ಸ್ಟ್ರೈಕರ್‌ನ ಕಷ್ಟ ಬಲ್ಲ ಕಾಲು ಕೊಡುವ ಪಾಸು ಬೇರೆ. ಅದು ಓಡುವವಳ ಹೆಜ್ಜೆಯ ಮುಂದಕ್ಕೆ ಬೀಳುತ್ತದೆ, ಅವಳು ಹಿಂದಿರುಗಿ ನೋಡಬೇಕಾಗುವುದಿಲ್ಲ. 2011ರ ಫೈನಲ್‌ನಲ್ಲಿ ಬಲಬದಿಯಿಂದ ಬಂದ ಚೆಂಡಿನಲ್ಲಿ ಇದರ ಸುಳಿವಿತ್ತು ಎಂದರೆ ಅತಿಯಾಗಲಾರದು.

2020ರಲ್ಲಿ ಕೊರೊನಾದಿಂದಾಗಿ ಅಮೆರಿಕದ ಲೀಗ್ ಎಂದಿನಂತೆ ನಡೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಸುದ್ದಿ ಫುಟ್‌ಬಾಲ್ ಲೋಕವನ್ನು ಹುಬ್ಬೇರಿಸುವಂತೆ ಮಾಡಿತು: 33 ವರ್ಷದ ನಗಸಾತೊ ಶಿಕಾಗೊದಿಂದ ಎರವಲಾಗಿ ಹುಟ್ಟೂರಿನ ಹಾಯಾಬುಸಾ ಇಲೆವೆನ್ ಎಂಬ ಪುರುಷರ ತಂಡಕ್ಕೆ ಹೋಗುತ್ತಿದ್ದರು. ಅದು ಆಗ ಕನಗಾವಾ ಪ್ರಾಂತ್ಯದ ಲೀಗ್‌ನ ಎರಡನೇ ವಿಭಾಗದಲ್ಲಿ ಆಡುತ್ತಿದ್ದ ಸಣ್ಣ ತಂಡ. ಅಣ್ಣ ಗೆಂಕಿ ಅಲ್ಲಿಯೇ ಆಡುತ್ತಿದ್ದರು. ಗಂಡಸರ ತಂಡದಲ್ಲಿ ಆಡಬೇಕೆಂಬುದು ಚಿಕ್ಕಂದಿನ ಆಸೆಯೆಂದೂ, ಅಮೆರಿಕದ ಆಟಗಾರ್ತಿ ಮೇಗನ್ ರಪಿನೊ ಅನ್ಯಾಯಗಳ ವಿರುದ್ಧ ಬಾಯಿಬಿಟ್ಟು ಮಾತನಾಡುವುದನ್ನು ಕಂಡು ತಾನೂ ಏನಾದರೂ ಮಾಡಬೇಕೆನ್ನಿಸಿತೆಂದೂ ಅವರು ಹೇಳಿಕೊಂಡರು.

ಇದನ್ನು ಪ್ರಚಾರದ ಗಿಮಿಕ್ ಎಂದವರೂ ಇದ್ದರು, ಹೆಣ್ಣು ಗಂಡಿಗೆ ಸಮ ಎಂಬುದಕ್ಕೆ ಸಾಕ್ಷಿ ಎಂದವರೂ ಇದ್ದರು. ನನಗೆ ಎರಡೂ ಒಪ್ಪಿಗೆಯಿಲ್ಲ. ಪ್ರಾಂತ್ಯ ಮಟ್ಟದ ತಂಡದಲ್ಲಿ ಕೆಲವು ವಾರ ಆಡಿ ಏನನ್ನೂ ಸಾಬೀತು ಮಾಡಲಾಗದು, ಅವರು ಹೋದದ್ದೂ ಅದಕ್ಕಲ್ಲ ಎಂದುಕೊಳ್ಳುತ್ತೇನೆ. ಹುಡುಗರ ಜತೆ ಆಡಿ ಬೆಳೆದ ಹುಡುಗಿಯರನ್ನೆಲ್ಲ ಒಂದು ವಯಸ್ಸಿಗೆ ಬಂದ ಕೂಡಲೇ ‘ಇನ್ನು ನೀನು ಆ ಕಡೆ’ ಎಂದು ಬೇರ್ಪಡಿಸಿ ನಿಲ್ಲಿಸುತ್ತಾರೆ. ಯುರೋಪಿನ ಪಟ್ಟ, ವಿಶ್ವಕಪ್, ಒಲಿಂಪಿಕ್ ಪದಕಗಳನ್ನೆಲ್ಲ ಗಳಿಸಿದ ಮೇಲೆ, ಆ ಗೆರೆಯನ್ನು ಒಮ್ಮೆ ದಾಟಿ ತನ್ನ ಅಣ್ಣನ ಪಕ್ಕದಲ್ಲಿ ಮತ್ತೆ ನಿಂತು ನೋಡೋಣ ಎನ್ನಿಸುವುದು ಸಹಜವಲ್ಲವೆ? ಆಟದ ದೃಷ್ಟಿಯಿಂದಲೂ ಇದು ಅವರ ಹಳೆಯ ಹಾದಿಯ ಮುಂದುವರಿಕೆಯೇ. ಪಾಟ್ಸ್‌ಡಾಮ್‌ಗೆ ಹೋದದ್ದು ತನಗಿಂತ ಬಲವಾದ ಮೈಗಳ ನಡುವೆ ಚೆಂಡು ಉಳಿಸಿಕೊಳ್ಳುವುದನ್ನು ಕಲಿಯಲು. ಹತ್ತು ವರ್ಷಗಳ ಮೇಲೆ ಅತ್ಸುಗಿಗೆ ಬಂದದ್ದು ಅದೇ ಪಾಠದ ಇನ್ನೂ ಕಠಿಣ ಅಧ್ಯಾಯಕ್ಕೆ. ಆ ನಂತರವೂ ಅವರು ಅಮೆರಿಕದ ಲೂಯಿವಿಲ್, ಮತ್ತೆ ಶಿಕಾಗೊ, ಹ್ಯೂಸ್ಟನ್ ತಂಡಗಳಲ್ಲಿ ಮೂವತ್ತೈದು ದಾಟಿದ ವಯಸ್ಸಿನಲ್ಲಿ ಆಡಿದರು.

ಈಗ ಮೊದಲೇ ಮಾತು ಕೊಟ್ಟಿದ್ದ ಆ ಗೋಲು. ವ್ಯಾಂಕೂವರ್, 27ನೇ ನಿಮಿಷ, ತಂಡ 0–4. ಅಮೆರಿಕ ಆ ಕೂಟದಲ್ಲಿ ಮೊದಲ ಪಂದ್ಯದ 27ನೇ ನಿಮಿಷದ ನಂತರ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಹಾಗೆ 540 ನಿಮಿಷ ಕಳೆದಿತ್ತು. ಬಲಬದಿಯಿಂದ ಕವಾಸುಮಿ ಚೆಂಡನ್ನು ಒಳಕ್ಕೆ ಕಳುಹಿಸುತ್ತಾರೆ, ಗೋಲಿಗೆ ಬೆನ್ನು ಮಾಡಿರುವ ನಗಸಾತೊ ಅವರ ಹಿಂದೆ ಅಂಟಿಕೊಂಡು ಅಮೆರಿಕದ ರಕ್ಷಣಾ ಆಟಗಾರ್ತಿ ಜೂಲಿ ಜಾನ್‌ಸ್ಟನ್ ಇದ್ದಾರೆ. ಈ ದೃಶ್ಯ ಎಲ್ಲಾದರೂ ಸಿಕ್ಕಿದರೆ, ಚೆಂಡನ್ನು ಬಿಟ್ಟು ನಗಸಾತೊ ಅವರ ಬೆನ್ನನ್ನೇ ನೋಡಿ. ಚೆಂಡು ಬರುವ ತನಕ ಅವರು ಅಲ್ಲಾಡುವುದಿಲ್ಲ, ಜಾನ್‌ಸ್ಟನ್ ಅವರ ಒತ್ತಡವನ್ನು ಮೈಯಲ್ಲಿ ತೆಗೆದುಕೊಳ್ಳುತ್ತಾರೆ. ಚೆಂಡು ಕಾಲಿಗೆ ತಾಗಿದ ಕ್ಷಣ ಆ ಒತ್ತಡದ ಮೇಲೆಯೇ ಒರಗಿದಂತೆ ತಿರುಗುತ್ತಾರೆ, ಜಾನ್‌ಸ್ಟನ್ ಅವರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ, ಎಡಗಾಲಿನಿಂದ ಬಾಗಿ ಹೋದ ಚೆಂಡು ಸೋಲೊ ಅವರ ಚಾಚಿದ ಕೈಯ ಆಚೆ ಬಲೆಯೊಳಗೆ ಬೀಳುತ್ತದೆ.